ಪೆಸ್ಟಾಲಜಿಯೂ ಅವನ ಜತೆಗಾರರೂ

ಉಪಾಧ್ಯಾಯನು ಮಕ್ಕಳಿಗೆ ಕಲಿಸುವವನೆಂದು ಎಲ್ಲರೂ ಬಲ್ಲರು. ಆದರೆ ಆ ಉಪಾಧ್ಯಾಯನಿಗೆ ಕಲಿಸುವವರು ಯಾರು? ಮೇಲಿನವರು ಬರೆದು ಕಳುಹಿಸಿದ ಪಾಠಪುಸ್ತಕವೋ, ವರ್ಷಕ್ಕೊಮ್ಮೆ ಬಂದು ಪರೀಕ್ಷಿಸಿ ಹೋಗುವ ಅಧಿಕಾರಿಯೋ, ಇಲ್ಲವೆ ಅವನಂತೆಯೇ ದಿನವೆಲ್ಲ ಮಕ್ಕಳ ನಡುವೆ ದುಡಿದು ದಣಿದ ಜತೆಗಾರರೋ? ಈ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟವನೊಬ್ಬನು ಎರಡು ನೂರು ವರ್ಷಗಳ ಹಿಂದೆ ಸ್ವಿಟ್ಜರ್ಲೆಂಡ್ ದೇಶದಲ್ಲಿದ್ದನು. ಅವನ ಹೆಸರು ಯೊಹಾನ್ ಹೈನ್ರಿಖ್ ಪೆಸ್ಟಾಲಜಿ. ಉಪಾಧ್ಯಾಯರ ತರಬೇತಿಶಾಲೆಯಲ್ಲಿ ಓದಿದವರೆಲ್ಲರೂ ಆ ಹೆಸರನ್ನು ಕೇಳಿರುವರು. ಆದರೆ ಅವನು ಒಬ್ಬನೇ ಮಾಡಿದ್ದು ಸ್ವಲ್ಪ; ಜತೆಗಾರರೊಂದಿಗೆ ಕೂಡಿ ಮಾಡಿದ್ದೇ ಲೋಕಕ್ಕೆ ಉಳಿಯಿತು; ಆ ಕೂಟವು ಒಡೆದಾಗ ಅವನ ಶಾಲೆಯೂ ಒಡೆದುಹೋಯಿತು ಎಂಬದನ್ನು ಬಲ್ಲವರು ಕಡಿಮೆ. ಪ್ರಿಯ ವಾಚಕರೇ, ಅದನ್ನೇ ಇಲ್ಲಿ ಹೇಳುವೆವು.

೧. ಬಾಲ್ಯವೂ ಮೊದಲಿನ ಸೋಲುಗಳೂ

ಪೆಸ್ಟಾಲಜಿಯು ೧೭೪೬ನೆಯ ಇಸವಿ ಜನವರಿ ೧೨ರಂದು ಜೂರಿಕ್ ಪಟ್ಟಣದಲ್ಲಿ ಹುಟ್ಟಿದನು. ತಂದೆ ಶಸ್ತ್ರವೈದ್ಯನು; ಮಗನಿಗೆ ಐದು ವರ್ಷವಾದಾಗ ತೀರಿಕೊಂಡನು. ಸಾಯುವ ಮುಂಚೆ ಆತನು ಮನೆಯ ಸೇವಕಿಯಾದ ಬಾಬೆಲಿ ಎಂಬವಳನ್ನು ಹಾಸಿಗೆಯ ಬಳಿಗೆ ಕರೆದು, ತನ್ನ ಹೆಂಡತಿಮಕ್ಕಳನ್ನು ಕೈಬಿಡಬಾರದೆಂದು ಬೇಡಿಕೊಂಡನು. ಆ ಬಡ ಹೆಂಗಸು ಕೊಟ್ಟ ಮಾತಿಗೆ ತಪ್ಪದೆ ಆ ವಿಧವೆಯ ಮನೆಯಲ್ಲಿಯೇ ಉಳಿದು, ಕಾಸಿಗೆ ಕಾಸು ಕೂಡಿಸಿ ಕುಟುಂಬವನ್ನು ಕಾಪಾಡಿದಳು. ತಾಯಿಯ ಸೆರಗು ಹಿಡಿದು ಬೆಳೆದ ಹುಡುಗನು ಕೈಕೆಲಸದಲ್ಲಿ ಚುರುಕಿಲ್ಲದವನೂ ವೇಷಭೂಷಣದಲ್ಲಿ ಅಚ್ಚುಕಟ್ಟಿಲ್ಲದವನೂ ಆಗಿದ್ದುದರಿಂದ, ಶಾಲೆಯ ಹುಡುಗರು ಅವನಿಗೆ ಅಡ್ಡಹೆಸರಿಟ್ಟು ನಗುತ್ತಿದ್ದರು. ಆದರೂ ಅವನ ಮನಸ್ಸು ಮೃದುವಾಗಿತ್ತು. ಅವನ ಅಜ್ಜನು ಹೊಂಗ್ ಎಂಬ ಗ್ರಾಮದ ಬೋಧಕನು. ಹುಡುಗನು ಅಜ್ಜನ ಸಂಗಡ ರೋಗಿಗಳ ಮನೆಗಳಿಗೂ ಬಡವರ ಗುಡಿಸಲುಗಳಿಗೂ ಊರ ಶಾಲೆಗೂ ಹೋಗಿ, ಹಳ್ಳಿಯ ಜನರ ಕಷ್ಟವನ್ನು ಕಣ್ಣಾರೆ ಕಂಡನು. ಅದು ಅವನ ಹೃದಯದಲ್ಲಿ ಬೇರೂರಿತು.

ಪ್ರಾಯಕ್ಕೆ ಬಂದ ಮೇಲೆ ಅವನು ಬೇಸಾಯಗಾರನಾಗಲು ಮನಸ್ಸುಮಾಡಿ, ಬಿರ್ ಗ್ರಾಮದ ಹತ್ತಿರ ಭೂಮಿ ಕೊಂಡು ಅದಕ್ಕೆ ನೊಯ್‌ಹೋಫ್, ಅಂದರೆ ಹೊಸ ಹೊಲಮನೆ, ಎಂದು ಹೆಸರಿಟ್ಟನು. ೧೭೬೯ರಲ್ಲಿ ಅನ್ನಾ ಶುಲ್ಥೆಸ್ ಎಂಬವಳನ್ನು ಮದುವೆಯಾದನು. ಆಕೆ ಅವನಿಗಿಂತ ವಯಸ್ಸಿನಲ್ಲಿಯೂ ಐಶ್ವರ್ಯದಲ್ಲಿಯೂ ಹಿರಿಯಳು. ಅವನ ಸಾಲಗಳಿಗೆ ತನ್ನ ಸೊತ್ತನ್ನು ಕೊಟ್ಟು, ನಲವತ್ತಾರು ವರ್ಷಗಳ ವರೆಗೆ ಅವನ ಕಷ್ಟಗಳಲ್ಲಿ ಪಾಲುಗಾರಳಾಗಿದ್ದಳು. ಬೇಸಾಯವು ಕೈಗೂಡಲಿಲ್ಲ. ಆಗ ಅವನು ೧೭೭೪ರಲ್ಲಿ ಭಿಕ್ಷೆ ಬೇಡುವ ಬಡಮಕ್ಕಳನ್ನು ಮನೆಗೆ ಸೇರಿಸಿ, ಹತ್ತಿ ನೂಲುವದನ್ನೂ ನೇಯುವದನ್ನೂ ಹೊಲದ ಕೆಲಸವನ್ನೂ ಅದರ ಜತೆಗೆ ಓದುಬರಹವನ್ನೂ ಕಲಿಸತೊಡಗಿದನು. ತಂದೆತಾಯಿಗಳಲ್ಲಿ ಕೆಲವರು ಮಕ್ಕಳಿಗೆ ಹೊಸ ಬಟ್ಟೆ ಸಿಕ್ಕಿದ ಕೂಡಲೆ ಕರೆದುಕೊಂಡು ಹೋದರು. ಸಾಲವು ಬೆಳೆಯಿತು. ೧೭೮೦ರಲ್ಲಿ ಆ ಮನೆಯ ಬಾಗಿಲು ಮುಚ್ಚಿತು. ಅಲ್ಲಿ ಯಜಮಾನನೂ ಉಪಾಧ್ಯಾಯನೂ ವ್ಯಾಪಾರಿಯೂ ಲೆಕ್ಕಿಗನೂ ಅವನೊಬ್ಬನೇ ಆಗಿದ್ದನು. ಒಬ್ಬನ ಹೆಗಲಿಗೆ ಅಷ್ಟು ಭಾರವು ತಡೆಯಲಿಲ್ಲ.

ಈ ಸೋಲಿನ ಕಾಲದಲ್ಲಿ ಬಾಸೆಲ್ ಪಟ್ಟಣದ ಇಸಾಕ್ ಇಸೆಲಿನ್ ಎಂಬ ಸ್ನೇಹಿತನು ಅವನಿಗೆ ಧೈರ್ಯ ಹೇಳಿ ಬರೆಯುವಂತೆ ಪ್ರೇರಿಸಿದನು. ೧೭೮೧ರಲ್ಲಿ ಲಿಯೆನ್‌ಹಾರ್ಟನೂ ಗೆರ್ಟ್ರೂಡಳೂ ಎಂಬ ಕಥೆಯು ಅಚ್ಚಾಯಿತು. ಕುಡುಕನಾದ ಒಬ್ಬ ಕಲ್ಲುಕೆಲಸದವನೂ, ಮನೆಯನ್ನೂ ಮಕ್ಕಳನ್ನೂ ಬುದ್ಧಿಯಿಂದ ನಡಿಸುವ ಅವನ ಹೆಂಡತಿಯೂ ಆ ಕಥೆಯ ಮುಖ್ಯ ಪಾತ್ರಗಳು. ಕಥೆಯ ಮುಂದಿನ ಭಾಗದಲ್ಲಿ ಒಂದು ಸಂಗತಿಯುಂಟು. ಊರಿಗೆ ಹೊಸ ಶಾಲೆ ತೆರೆಯಬೇಕೆಂದಿರುವ ಉಪಾಧ್ಯಾಯನು ಮೊದಲು ಗೆರ್ಟ್ರೂಡಳ ಮನೆಗೆ ಹೋಗಿ, ಆಕೆ ನೂಲುತ್ತಾ ಮಕ್ಕಳಿಗೆ ಹೇಗೆ ಕಲಿಸುತ್ತಾಳೆಂದು ನೋಡಿ, ಅವಳಿಂದ ತಾನು ಕಲಿಯುತ್ತಾನೆ. ಕಲಿಸುವವನು ಮೊದಲು ಮತ್ತೊಬ್ಬರ ಬಳಿಯಲ್ಲಿ ಕುಳಿತು ಕಲಿಯಬೇಕೆಂಬ ಮಾತನ್ನು ಪೆಸ್ಟಾಲಜಿಯು ಹೀಗೆ ಮೊದಲು ಕಥೆಯಾಗಿ ಬರೆದನು. ಅದನ್ನು ನಡೆದು ತೋರಿಸಲು ಇನ್ನೂ ಹಲವು ವರ್ಷಗಳು ಹಿಡಿದವು.

೨. ಸ್ಟಾನ್ಸಿನ ಅನಾಥರು

೧೭೯೮ರಲ್ಲಿ ಫ್ರೆಂಚ್ ಸೈನ್ಯವು ಸ್ವಿಟ್ಜರ್ಲೆಂಡಿಗೆ ಬಂದಾಗ ಸ್ಟಾನ್ಸ್ ಊರಿನ ಸೀಮೆಯವರು ಎದುರುಬಿದ್ದರು. ಆ ವರ್ಷದ ಸೆಪ್ಟೆಂಬರಿನಲ್ಲಿ ಅಲ್ಲಿ ಘೋರವಾದ ಕೊಲೆ ನಡೆದು, ಅನೇಕ ಮಕ್ಕಳು ಅನಾಥರಾದರು. ಸರಕಾರದವರು ಅವರ ಪೋಷಣೆಗೆ ಪೆಸ್ಟಾಲಜಿಯನ್ನು ಕಳುಹಿಸಿದರು. ೧೭೯೯ರ ಜನವರಿಯಲ್ಲಿ, ತನ್ನ ೫೩ನೆಯ ವಯಸ್ಸಿನಲ್ಲಿ, ಅವನು ಅಲ್ಲಿ ಅನಾಥಶಾಲೆಯನ್ನು ತೆರೆದನು. ಊರಿನವರು ಕಥೋಲಿಕರು, ಅವನು ಪ್ರೊಟೆಸ್ಟಂಟನು; ಅದೂ ಅಲ್ಲದೆ ಅವರ ಮನೆಗಳನ್ನು ಹಾಳುಮಾಡಿದ ಪಕ್ಷದ ಸರಕಾರವೇ ಅವನನ್ನು ಕಳುಹಿಸಿತ್ತು. ಆದದರಿಂದ ಜನರು ಅವನನ್ನು ನಂಬಲಿಲ್ಲ. ಹೇನು ತುಂಬಿದ, ಹುರುಕು ಹತ್ತಿದ, ಹಸಿದ ಮಕ್ಕಳು ಸುಮಾರು ೮೦ ಮಂದಿ ಸೇರಿದರು. ಅವನು ಅವರ ಸಂಗಡ ಉಂಡು, ಅವರ ನಡುವೆ ಮಲಗಿ, ಅವರ ಹುಣ್ಣುಗಳನ್ನು ತೊಳೆದು, ಹಗಲೆಲ್ಲಾ ಕಲಿಸಿದನು. ಸಹಾಯಕ್ಕೆ ಒಬ್ಬ ಮನೆವಾರ್ತೆಯವಳ ಹೊರತು ಯಾರೂ ಇರಲಿಲ್ಲ. ಮಕ್ಕಳು ಮನುಷ್ಯರಾಗುತ್ತಾ ಬಂದರು; ಅವನಾದರೋ ಸವೆದುಹೋದನು. ಜೂನ್ ತಿಂಗಳಲ್ಲಿ ಸೈನ್ಯದ ಆಸ್ಪತ್ರೆಗೆ ಆ ಕಟ್ಟಡ ಬೇಕಾದ್ದರಿಂದ ಅನಾಥಶಾಲೆಯು ನಿಂತಿತು. ಆಗ ಅವನ ಆರೋಗ್ಯವು ಪೂರಾ ಕೆಟ್ಟಿತ್ತು.

ಪ್ರೀತಿಯು ಏನು ಮಾಡಬಲ್ಲದೆಂಬದು ಸ್ಟಾನ್ಸಿನಲ್ಲಿ ಕಂಡುಬಂತು. ಆದರೆ ಒಂಟಿ ಮನುಷ್ಯನ ಪ್ರೀತಿಯು ಅವನ ಸಂಗಡಲೇ ಬಿದ್ದುಹೋಗುತ್ತದೆ ಎಂಬದೂ ಅಲ್ಲಿಯೇ ಕಂಡುಬಂತು.

೩. ಬುರ್ಗ್‌ಡೋರ್ಫಿನ ನಾಲ್ವರು

ಆ ವರ್ಷವೇ ಅವನು ಬುರ್ಗ್‌ಡೋರ್ಫ್ ಪಟ್ಟಣಕ್ಕೆ ಹೋಗಿ, ಬಡವರ ಕೇರಿಯ ಒಂದು ಶಾಲೆಯಲ್ಲಿ ಕಲಿಸಲು ಅಪ್ಪಣೆ ಪಡೆದನು. ಆ ಶಾಲೆಯ ಉಪಾಧ್ಯಾಯನು ಜೋಡು ಹೊಲಿಯುವವನು. ಕೋಣೆಯ ಒಂದು ಕಡೆಯಲ್ಲಿ ಅವನು ಪ್ರಶ್ನೋತ್ತರಮಾಲೆಯನ್ನು ಬಾಯಿಪಾಠ ಮಾಡಿಸುವನು. ಇನ್ನೊಂದು ಕಡೆಯಲ್ಲಿ ಪೆಸ್ಟಾಲಜಿಯು ಗೋಡೆಗೆ ಅಂಟಿಸಿದ ಹಳೆ ಕಾಗದದ ತೂತುಗಳನ್ನೂ ಗೆರೆಗಳನ್ನೂ ತೋರಿಸಿ, ಅವುಗಳ ಎಣಿಕೆ, ಆಕಾರ, ಸ್ಥಳ ಇವುಗಳನ್ನು ಮಕ್ಕಳಿಂದ ಹೇಳಿಸುವನು. ಪುಸ್ತಕವಿಲ್ಲದ ಈ ಪಾಠವನ್ನು ಕಂಡು ಊರಿನವರು ಬೆದರಿ ಅವನನ್ನು ಹೊರಡಿಸಿದರು. ಮತ್ತೊಂದು ಚಿಕ್ಕಮಕ್ಕಳ ಶಾಲೆಯಲ್ಲಿ ಅವನಿಗೆ ಎಡೆ ಸಿಕ್ಕಿತು. ೧೮೦೦ನೆಯ ಇಸವಿ ಮಾರ್ಚಿಯಲ್ಲಿ ಪರೀಕ್ಷಕರು ಬಂದು ನೋಡಿ, ಮಕ್ಕಳ ತಿಳುವಳಿಕೆಗೆ ಆಶ್ಚರ್ಯಪಟ್ಟು ಒಳ್ಳೇ ಸಾಕ್ಷಿ ಕೊಟ್ಟರು.

ಆ ವರ್ಷದಲ್ಲಿಯೇ ಅವನಿಗೆ ಜತೆಗಾರರು ದೊರೆತರು. ಅವರಲ್ಲಿ ಮೊದಲಿನವನು ಹೆರ್ಮನ್ ಕ್ರೂಸಿ. ಇವನು ೧೭೭೫ರಲ್ಲಿ ಅಪ್ಪೆನ್‌ಜೆಲ್ ಸೀಮೆಯ ಗೈಸ್ ಎಂಬ ಬೆಟ್ಟದೂರಿನಲ್ಲಿ ಹುಟ್ಟಿದ ಬಡವನು. ಬೆನ್ನ ಮೇಲೆ ನೂಲಿನ ಹೊರೆ ಹೊತ್ತು ಊರಿಂದೂರಿಗೆ ಗುಡ್ಡ ಹತ್ತಿ ಇಳಿಯುವದೇ ಅವನ ಕಸುಬು. ಅವನಿಗೆ ೧೮ ವರ್ಷವಾಗಿದ್ದಾಗ ದಾರಿಯಲ್ಲಿ ಸಿಕ್ಕಿದ ಒಬ್ಬ ಅಧಿಕಾರಿಯು, ಊರಿನ ಉಪಾಧ್ಯಾಯನ ಸ್ಥಾನವು ಖಾಲಿಯಾಗಿದೆ, ನೀನು ಯಾಕೆ ಪ್ರಯತ್ನಿಸಬಾರದೆಂದು ಕೇಳಿದನು. ಕರ್ತನ ಪ್ರಾರ್ಥನೆಯನ್ನು ಬರೆದು ತೋರಿಸುವದೇ ಆ ಪರೀಕ್ಷೆಯ ಮುಖ್ಯಭಾಗ. ಕ್ರೂಸಿಯ ಬರಹದಲ್ಲಿ ತಪ್ಪುಗಳಿದ್ದರೂ ಎದುರಾಳಿಯು ಇನ್ನೂ ಕಡಿಮೆ ಬಲ್ಲವನಾಗಿದ್ದದರಿಂದ ಕೆಲಸವು ಇವನಿಗೇ ಬಂತು. ಹೀಗೆ ಹೊರೆಯಾಳು ಉಪಾಧ್ಯಾಯನಾದನು. ಯುದ್ಧದಿಂದ ಅಪ್ಪೆನ್‌ಜೆಲ್ ಸೀಮೆಗೆ ಬರಗಾಲ ಬಂದಾಗ, ೧೮೦೦ನೆಯ ಇಸವಿಯಲ್ಲಿ ಅವನು ಒಂದು ಗುಂಪು ಬಡಮಕ್ಕಳನ್ನು ಕರೆದುಕೊಂಡು ಹಿಮದ ಕಾಲದಲ್ಲಿ ಬುರ್ಗ್‌ಡೋರ್ಫಿಗೆ ಬಂದು ಸೇರಿದನು.

ಎರಡನೆಯವನು ಟೋಬ್ಲರ್. ಇವನು ದೇವಶಾಸ್ತ್ರ ಓದಿದವನು. ಬಾಸೆಲಿನಲ್ಲಿ ಮನೆಪಾಠ ಹೇಳುತ್ತಾ, ಎಷ್ಟು ಶ್ರಮಪಟ್ಟರೂ ಮಕ್ಕಳಿಗೆ ತಾನು ಕಲಿಸಿದ್ದು ನಿಲ್ಲುವದಿಲ್ಲವಲ್ಲಾ ಎಂದು ನೊಂದವನು. ಮೂರನೆಯವನು ಬುಸ್. ಇವನು ಪುಸ್ತಕಗಳಿಗೆ ರಟ್ಟು ಕಟ್ಟುವವನು. ಚಿತ್ರ ಬರೆಯುವದರಲ್ಲಿಯೂ ಹಾಡುವದರಲ್ಲಿಯೂ ಗಟ್ಟಿಗನು. ಪೆಸ್ಟಾಲಜಿಗೆ ಅರೆಹುಚ್ಚು, ಅಲ್ಲಿಗೆ ಹೋಗಬೇಡವೆಂದು ಬಾಸೆಲಿನ ಕೆಲವರು ಇವನನ್ನು ತಡೆದರು. ಇವನು ಬಂದ ದಿನ ಮುದುಕನು ಕಾಲುಚೀಲ ಜಾರಿಬಿದ್ದು, ಮೈಯೆಲ್ಲಾ ಧೂಳಾಗಿ, ಕೆದರಿದ ಕೂದಲಿನಿಂದ ಮೆಟ್ಟಲಿಳಿದು ಎದುರುಗೊಂಡನು. ಬುಸ್ಸನ ಮನಸ್ಸು ಮೊದಲು ಕುಗ್ಗಿತು. ಆದರೆ ಆ ಮುದುಕನ ದಯೆಯನ್ನೂ ಸರಳತೆಯನ್ನೂ ಕಂಡು ಅಲ್ಲಿಯೇ ನಿಂತುಬಿಟ್ಟನು.

ಹೊರೆಯಾಳು, ದೇವಶಾಸ್ತ್ರಿ, ರಟ್ಟು ಕಟ್ಟುವವನು, ಸೋತುಬಂದ ಮುದುಕನು—ಈ ನಾಲ್ವರು ೧೮೦೦ರ ಕೊನೆಯ ಭಾಗದಲ್ಲಿ ಬುರ್ಗ್‌ಡೋರ್ಫಿನ ಕೋಟೆಯಲ್ಲಿ ಶಾಲೆಯನ್ನು ತೆರೆದರು.

೪. ಕೂಡಿ ಪಾಠ ಕಟ್ಟಿದ್ದು

ಅವರ ಕೈಯಲ್ಲಿ ಸಿದ್ಧವಾದ ಪಾಠಕ್ರಮವು ಇರಲಿಲ್ಲ. ಮಗುವು ಕಂಡು ಮುಟ್ಟಿ ತಿಳಿದದ್ದರಿಂದ ಮೊದಲುಮಾಡಿ, ಒಂದೊಂದೇ ಮೆಟ್ಟಲನ್ನು ಹತ್ತಿಸುತ್ತಾ ಹೋಗಬೇಕು. ನಡುವೆ ಒಂದು ಮೆಟ್ಟಲೂ ತಪ್ಪಬಾರದು. ಇದು ಪೆಸ್ಟಾಲಜಿಯ ಮುಖ್ಯ ವಿಚಾರ. ಆದರೆ ಆ ಮೆಟ್ಟಲುಗಳು ಯಾವವು? ಅದನ್ನು ಅವನೂ ಪೂರಾ ಅರಿಯನು. ಬರಹ, ಲೆಕ್ಕ, ಚಿತ್ರ ಇವುಗಳಲ್ಲಿ ತಾನು ಜಾಣನಲ್ಲವೆಂದು ಅವನೇ ಒಪ್ಪಿಕೊಳ್ಳುತ್ತಿದ್ದನು. ಆದದರಿಂದ ಹಗಲಲ್ಲಿ ಮಕ್ಕಳಿಗೆ ಒಂದು ಪಾಠವನ್ನು ಕೊಟ್ಟು ನೋಡುವದು. ಸಂಜೆ ನಾಲ್ವರೂ ಕುಳಿತು, ಮಗು ಎಲ್ಲಿ ಎಡವಿತು, ಯಾವ ಮಾತು ತಿಳಿಯದೆ ಹೋಯಿತು, ಯಾವದನ್ನು ಮೊದಲು ಇಟ್ಟಿದ್ದರೆ ಒಳ್ಳೇದಿತ್ತು ಎಂದು ವಿಚಾರಿಸುವದು. ಮಾರನೆಯ ದಿನ ತಿದ್ದಿದ ಪಾಠವನ್ನು ಮತ್ತೆ ಕೊಡುವದು. ಹೀಗೆ ಕೆಲಸ ನಡೆಯಿತು.

ಈ ಕೆಲಸದಲ್ಲಿ ಮಕ್ಕಳಿಗಿಂತ ಮೊದಲು ಉಪಾಧ್ಯಾಯರೇ ಬದಲಾದರು. ಕ್ರೂಸಿಯು ಮಕ್ಕಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿ ಕಲಿಸುವದೇ ಉತ್ತಮವೆಂದು ನಂಬಿ ಬಂದಿದ್ದನು. ಆದರೆ ಮಕ್ಕಳು ಬಾಯಿಬಿಡುತ್ತಿರಲಿಲ್ಲ. ಕಾಣದ ವಸ್ತುವಿನ ವಿಷಯವಾಗಿ ಎಷ್ಟು ಕೇಳಿದರೂ ಮಗುವಿನೊಳಗಿಂದ ಏನೂ ಬಾರದು, ಬತ್ತಿದ ಬಾವಿಗೆ ಹಗ್ಗ ಬಿಟ್ಟಂತೆಯೇ ಸರಿ, ಮೊದಲು ವಸ್ತುವನ್ನು ತೋರಿಸಿ ಹೆಸರನ್ನು ಕೊಡಬೇಕು, ಆಮೇಲೆ ಕೇಳಬೇಕು ಎಂಬದನ್ನು ಅವನು ಈ ಕೂಟದಲ್ಲಿ ಕಂಡುಕೊಂಡನು. ಮುಂದೆ ಲೆಕ್ಕದ ಪಾಠಗಳನ್ನು ಜೋಡಿಸುವದರಲ್ಲಿ ಅವನೇ ಕೈಹಾಕಿದನು. ಬುಸ್ಸನಿಗೆ ಚಿತ್ರದ ಮೊದಲ ಪಾಠಗಳನ್ನು ಮಾಡಲು ಹೇಳಿದಾಗ, ಅವನು ಚಂದವಾದ ಪೂರ್ಣ ಚಿತ್ರಗಳನ್ನೇ ಬರೆದು ತಂದನು. ಪೆಸ್ಟಾಲಜಿಗೆ ಬೇಕಾದದ್ದು ಅದಲ್ಲ. ನೆಟ್ಟಗಿನ ಗೆರೆ, ಮೂಲೆ, ಬಾಗಿದ ಗೆರೆ ಇವುಗಳೇ. ತಾನು ಇಷ್ಟು ವರ್ಷ ಕೈಯಿಂದ ಮಾಡುತ್ತಿದ್ದ ಕೆಲಸದ ಬೇರು ಯಾವದೆಂದು ತನಗೇ ತಿಳಿದಿರಲಿಲ್ಲವೆಂಬದು ಬುಸ್ಸನಿಗೆ ಮನಗಾಣಲು ಕೆಲವು ತಿಂಗಳುಗಳೇ ಹಿಡಿದವು. ಕೆಲಸ ಬಲ್ಲವನೊಬ್ಬನು ಅದನ್ನು ಮಗುವಿನ ಮುಂದೆ ಮೆಟ್ಟಲುಮೆಟ್ಟಲಾಗಿ ಇಡಲು ಕುಳಿತಾಗಲೇ ಆ ಕೆಲಸವನ್ನು ನಿಜವಾಗಿ ಅರಿಯುತ್ತಾನೆ.

ಮಕ್ಕಳೂ ಆ ಕೂಟಕ್ಕೆ ಗುರುಗಳಾದರು. ಒಂದು ದಿನ ಕಿಟಕಿಯ ಚಿತ್ರವನ್ನು ತೋರಿಸಿ ಪಾಠ ನಡೆಯುತ್ತಿದ್ದಾಗ, ನಿಜವಾದ ಕಿಟಕಿಯು ಇಲ್ಲಿಯೇ ಇರುವಾಗ ಚಿತ್ರವು ಯಾಕೆಂದು ಒಬ್ಬ ಹುಡುಗನು ಕೇಳಿದನೆಂದು ಅವನ ಚರಿತ್ರೆಗಳಲ್ಲಿ ಹೇಳಿದೆ. ಪೆಸ್ಟಾಲಜಿಯು ಆ ಹುಡುಗನನ್ನು ಗದರಿಸಲಿಲ್ಲ. ಚಿತ್ರಗಳನ್ನು ಎತ್ತಿಟ್ಟು, ವಸ್ತುಗಳನ್ನೇ ಪಾಠಕ್ಕೆ ತಂದನು. ರಾಮ್‌ಸೌವರ್ ಎಂಬ ಹತ್ತು ವರ್ಷದ ಬಡಹುಡುಗನು ಆ ಕೋಟೆಗೆ ಬಂದು, ಅಲ್ಲಿಯೇ ಬೆಳೆದು, ಕಲಿಯುತ್ತಾ ಕಲಿಸುತ್ತಾ ಉಪಾಧ್ಯಾಯನಾದನು.

೧೮೦೧ರಲ್ಲಿ ಪೆಸ್ಟಾಲಜಿಯು, ಗೆರ್ಟ್ರೂಡಳು ತನ್ನ ಮಕ್ಕಳಿಗೆ ಕಲಿಸುವ ರೀತಿ ಎಂಬ ಪುಸ್ತಕವನ್ನು ಹದಿನಾಲ್ಕು ಪತ್ರಗಳ ರೂಪವಾಗಿ ಪ್ರಕಟಿಸಿದನು. ಕೀರ್ತಿಯೆಲ್ಲಾ ತನಗೇ ಬರಲೆಂದು ಅವನು ಬರೆಯಲಿಲ್ಲ. ಕ್ರೂಸಿ, ಟೋಬ್ಲರ್, ಬುಸ್ ಎಂಬ ಮೂವರೂ ಏನನ್ನು ನಂಬಿ ಬಂದರು, ಎಲ್ಲಿ ತೊಡಕಿಬಿದ್ದರು, ಏನನ್ನು ಕಲಿತರು ಎಂಬದನ್ನು ಅದರಲ್ಲಿ ವಿವರವಾಗಿ ಸೇರಿಸಿದನು. ಯಜಮಾನನು ಕೆಲಸಗಾರರ ಹೆಸರನ್ನು ತನ್ನ ಹೆಸರಿನ ಸಂಗಡ ಬರೆಯುವದು ಅಪರೂಪದ ಸಂಗತಿ.

೫. ಅಚ್ಚಾದ ಪಾಠದ ಅಪಾಯ

೧೮೦೩ರಲ್ಲಿ ಅವರ ಪಾಠಪುಸ್ತಕಗಳು ಅಚ್ಚಾದವು: ತಾಯಂದಿರ ಪುಸ್ತಕವೊಂದು, ಆಕಾರಗಳ ಪಾಠಗಳು, ಎಣಿಕೆಯ ಪಾಠಗಳು. ಇವುಗಳಲ್ಲಿ ಕ್ರೂಸಿಯೂ ಬುಸ್ಸನೂ ಬಹಳ ದುಡಿದಿದ್ದರು. ಈ ಪುಸ್ತಕಗಳಿದ್ದರೆ ಯಾವ ತಾಯಿಯಾದರೂ ಯಾವ ಉಪಾಧ್ಯಾಯನಾದರೂ ಅವುಗಳನ್ನು ಹಿಡಿದು ಕಲಿಸಬಹುದೆಂದು ಪೆಸ್ಟಾಲಜಿಯು ಆಶಿಸಿದನು. ಅದು ಹಾಗಾಗಲಿಲ್ಲ. ತಾಯಂದಿರ ಪುಸ್ತಕವು ಮಗುವಿನ ದೇಹದ ಅಂಗಗಳಿಂದ ಆರಂಭವಾಗಿ, ಇದು ಇಲ್ಲಿದೆ, ಅದು ಅಲ್ಲಿದೆ, ಇದು ಅದರ ಮೇಲಿದೆ ಎಂದು ಪುಟಗಟ್ಟಲೆ ಸಾಗುತ್ತದೆ. ಕೋಟೆಯ ಸಂಜೆಯ ಕೂಟದಲ್ಲಿ ಆ ಸಾಲುಗಳಿಗೆ ಜೀವವಿತ್ತು. ಯಾಕಂದರೆ ಯಾವ ಮಗುವಿನ ಯಾವ ತೊಡಕಿಗಾಗಿ ಅದನ್ನು ಬರೆದರೆಂದು ಬರೆದವರು ಬಲ್ಲರು. ದೂರದ ಊರಲ್ಲಿ ಅದನ್ನು ಕೊಂಡ ಉಪಾಧ್ಯಾಯನಿಗೆ ಅದು ತಿಳಿಯದು. ಅವನು ಆ ಸಾಲುಗಳನ್ನೂ ಮಕ್ಕಳಿಂದ ಬಾಯಿಪಾಠ ಮಾಡಿಸಿದನು. ಬಾಯಿಪಾಠವನ್ನು ಓಡಿಸಲು ಹುಟ್ಟಿದ ಪುಸ್ತಕವು ಹೀಗೆ ತಾನೇ ಬಾಯಿಪಾಠವಾಯಿತು.

ಪಾಠವನ್ನು ಕಾಗದದಲ್ಲಿ ಕಳುಹಿಸಬಹುದು. ಆ ಪಾಠವನ್ನು ಕಟ್ಟುವಾಗ ಹುಟ್ಟಿದ ತಿಳುವಳಿಕೆಯನ್ನು ಕಾಗದದಲ್ಲಿ ಕಳುಹಿಸಲಾಗದು. ಅದನ್ನು ಪಡೆಯಬೇಕಾದರೆ ಕಟ್ಟುವ ಕೆಲಸಕ್ಕೆ ಕೈಹಚ್ಚಬೇಕು. ಇದನ್ನು ಅರಿತವರು ಪುಸ್ತಕವನ್ನು ಕೊಂಡು ಸುಮ್ಮನಾಗದೆ, ತಾವೇ ಹೊರಟು ಪೆಸ್ಟಾಲಜಿಯ ಬಳಿಗೆ ಬಂದರು.

೬. ಇವೆರ್‌ಡನ್

೧೮೦೪ರಲ್ಲಿ ಸರಕಾರವು ಬುರ್ಗ್‌ಡೋರ್ಫಿನ ಕೋಟೆಯನ್ನು ತನಗೆ ತೆಗೆದುಕೊಂಡದ್ದರಿಂದ ಶಾಲೆಯು ಸ್ಥಳ ಬಿಡಬೇಕಾಯಿತು. ಸ್ವಲ್ಪ ಕಾಲ ಅಲೆದ ಮೇಲೆ, ೧೮೦೫ರಲ್ಲಿ ಅವರೆಲ್ಲರು ಸರೋವರದ ತೀರದಲ್ಲಿರುವ ಇವೆರ್‌ಡನ್ ಪಟ್ಟಣದ ಹಳೆ ಕೋಟೆಯಲ್ಲಿ ನೆಲೆಗೊಂಡರು. ಒಳ್ಳೇ ಕಾಲದಲ್ಲಿ ಅಲ್ಲಿ ಸುಮಾರು ೧೫೦ ಹುಡುಗರಿದ್ದರು. ೧೮೦೬ರಲ್ಲಿ ಹುಡುಗಿಯರಿಗೂ ಒಂದು ಶಾಲೆಯು ಏರ್ಪಟ್ಟಿತು. ಯುರೋಪಿನ ನಾನಾ ದೇಶಗಳಿಂದ ನೋಡಲಿಕ್ಕೆ ಬರುವವರು ಹೆಚ್ಚಿದರು. ಪ್ರಷ್ಯ ದೇಶದ ಸರಕಾರವು ತರುಣ ಉಪಾಧ್ಯಾಯರನ್ನು ತನ್ನ ಖರ್ಚಿನಿಂದಲೇ ಅಲ್ಲಿಗೆ ಕಳುಹಿಸಿ, ಹೊರಗಿನ ಕ್ರಮವನ್ನು ಮಾತ್ರವಲ್ಲ, ಒಳಗಿನ ಆತ್ಮವನ್ನೂ ಕಲಿತುಬರಬೇಕೆಂದು ಹೇಳಿತು. ಮುಂದೆ ಶಿಶುವಿಹಾರಗಳನ್ನು ಸ್ಥಾಪಿಸಿದ ಫ್ರೋಬೆಲನು ೧೮೦೮ರಿಂದ ೧೮೧೦ರ ವರೆಗೆ ಅಲ್ಲಿದ್ದನು.

ಅಲ್ಲಿಯೂ ಉಪಾಧ್ಯಾಯರು ಸಭೆ ಸೇರಿ ಒಂದೊಂದು ಮಗುವಿನ ನಡತೆಯನ್ನೂ ಒಂದೊಂದು ಪಾಠದ ಕ್ರಮವನ್ನೂ ವಿಚಾರಿಸುತ್ತಿದ್ದರು. ಅಂಥ ವಿಚಾರದಿಂದ ಭೂಗೋಳದ ಪಾಠವು ಹೇಗೆ ಬದಲಾಯಿತೆಂದು ನೋಡಿರಿ. ಮೊದಲು ನಕ್ಷೆಯಲ್ಲ, ಊರುಗಳ ಹೆಸರಿನ ಪಟ್ಟಿಯೂ ಅಲ್ಲ. ಮಕ್ಕಳನ್ನು ಊರಾಚೆಯ ಬ್ಯುರೋನ್ ಎಂಬ ಹೊಳೆಯ ಕಣಿವೆಗೆ ಕರೆದುಕೊಂಡು ಹೋಗುವರು. ಅವರು ಕಣಿವೆಯನ್ನು ಮೇಲಿನಿಂದಲೂ ಕೆಳಗಿನಿಂದಲೂ ನೋಡಿ, ಅಲ್ಲಿಯ ಜೇಡಿಮಣ್ಣನ್ನು ಬುಟ್ಟಿಗಳಲ್ಲಿ ತುಂಬಿಕೊಂಡು ಬಂದು, ಕೋಟೆಯಲ್ಲಿ ದೊಡ್ಡ ಮೇಜುಗಳ ಮೇಲೆ ಆ ಕಣಿವೆಯನ್ನೇ ಮಣ್ಣಿನಿಂದ ಮಾಡುವರು. ದಿನದಿಂದ ದಿನಕ್ಕೆ ಗುಡ್ಡಗಳೂ ಹೊಳೆಗಳೂ ಸೇರುತ್ತಾ ಹೋಗುವವು. ಎಲ್ಲಾ ಮುಗಿದ ಮೇಲೆಯೇ ನಕ್ಷೆಯನ್ನು ಮುಂದಿಡುವರು. ಅಷ್ಟರೊಳಗೆ ನಕ್ಷೆಯ ಗೆರೆಗಳು ಮಕ್ಕಳಿಗೆ ಮಾತಾಡುತ್ತಿದ್ದವು. ಈ ಪಾಠಗಳನ್ನು ನೋಡಿದ ಕಾರ್ಲ್ ರಿಟ್ಟರನು ಮುಂದೆ ಭೂಗೋಳಶಾಸ್ತ್ರದ ದೊಡ್ಡ ಪಂಡಿತನಾದನು. ಪೆಸ್ಟಾಲಜಿಗೆ ಸ್ವತಃ ಭೂಗೋಳವು ಹೆಚ್ಚಾಗಿ ತಿಳಿಯದಿದ್ದರೂ, ತನ್ನ ಶಾಸ್ತ್ರದ ಬೀಜವು ತನಗೆ ಅಲ್ಲಿಯೇ ದೊರಕಿತೆಂದು ಅವನು ಸಾಕ್ಷಿ ಹೇಳಿದನು. ಹಾಡುವದನ್ನು ಕಲಿಸುವದಕ್ಕೂ ಇದೇ ಪ್ರಕಾರ ನೇಗೆಲಿ, ಫೈಫರ್ ಎಂಬಿಬ್ಬರು ಕೂಡಿ ಮೆಟ್ಟಲುಮೆಟ್ಟಲಾದ ಪಾಠಗಳನ್ನು ಕಟ್ಟಿ, ೧೮೧೦ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

೭. ಕೂಟವು ಒಡೆದದ್ದು

ಇಷ್ಟು ಒಳ್ಳೇ ಕೆಲಸವು ಹೇಗೆ ಹಾಳಾಯಿತು? ಹೊರಗಿನ ವೈರಿಗಳಿಂದಲ್ಲ, ಒಳಗಿನ ಮನಸ್ತಾಪದಿಂದ. ಇವೆರ್‌ಡನಿನಲ್ಲಿ ಇಬ್ಬರು ಬಲಶಾಲಿಗಳಾದ ಉಪಾಧ್ಯಾಯರಿದ್ದರು. ಒಬ್ಬನು ನೀಡೆರರ್, ಬೋಧಕನೂ ತತ್ವಜ್ಞಾನಿಯೂ ಆದವನು, ಪೆಸ್ಟಾಲಜಿಯ ವಿಚಾರಗಳನ್ನು ದೊಡ್ಡ ಸಿದ್ಧಾಂತವಾಗಿ ಬರೆಯಬೇಕೆಂಬದು ಅವನ ಹಂಬಲ. ಇನ್ನೊಬ್ಬನು ಯೋಸೆಫ್ ಸ್ಮಿಟ್. ಬಡಹುಡುಗನಾಗಿ ಬುರ್ಗ್‌ಡೋರ್ಫಿಗೆ ಬಂದು ಲೆಕ್ಕದಲ್ಲಿ ಎಲ್ಲರನ್ನೂ ಮೀರಿಸಿದವನು. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಒರಟ. ಒಬ್ಬನ ಬಲವು ಮತ್ತೊಬ್ಬನ ಕೊರತೆಯನ್ನು ತುಂಬಬಹುದಾಗಿತ್ತು. ಆದರೆ ಇಬ್ಬರಲ್ಲಿ ಪ್ರತಿಯೊಬ್ಬನೂ ಆ ವಿಧಾನವು ತನ್ನದೇ ಎಂದು ಎಣಿಸತೊಡಗಿದನು. ಮಗುವು ಎಲ್ಲಿ ಎಡವಿತೆಂದು ಕೇಳಬೇಕಾದ ಸಭೆಯಲ್ಲಿ ಯಾರ ಮಾತು ಗೆದ್ದಿತೆಂಬದೇ ಮುಖ್ಯವಾಯಿತು.

೧೮೦೯ರಲ್ಲಿ ಪೆಸ್ಟಾಲಜಿಯ ಬೇಡಿಕೆಯ ಮೇರೆಗೆ ಸರಕಾರದವರು ಮೂವರು ಪರೀಕ್ಷಕರನ್ನು ಕಳುಹಿಸಿದರು. ಅವರಲ್ಲಿ ಗಿರಾರ್ ಎಂಬ ಕಥೋಲಿಕ ಗುರುವು ಸ್ವತಃ ಉತ್ತಮ ಉಪಾಧ್ಯಾಯನು. ಮರುವರ್ಷ ಪ್ರಕಟವಾದ ವರದಿಯು ಶಾಲೆಯ ಒಳ್ಳೇ ಆತ್ಮವನ್ನು ಹೊಗಳಿತಾದರೂ, ಕಲಿಕೆಯು ಎಲ್ಲಾ ವಿಷಯಗಳಲ್ಲಿ ಸಮವಾಗಿಲ್ಲ, ದೇಶದ ಬೇರೆ ಶಾಲೆಗಳಿಗೆ ಇದನ್ನು ಮಾದರಿಯಾಗಿ ಇಡುವಂತಿಲ್ಲ ಎಂದು ಹೇಳಿತು. ಆ ಮಾತು ಜಗಳದ ಬೆಂಕಿಗೆ ಎಣ್ಣೆಯಾಯಿತು. ೧೮೧೦ರಲ್ಲಿ ಸ್ಮಿಟ್ ಬಿಟ್ಟುಹೋದನು. ೧೮೧೫ರಲ್ಲಿ ತಿರಿಗಿ ಬಂದು ಲೆಕ್ಕಪತ್ರಗಳನ್ನು ಸರಿಪಡಿಸಿದನು, ಆದರೆ ಅಧಿಕಾರವನ್ನೂ ಹಿಡಿದನು. ಅದೇ ವರ್ಷ ದಶಂಬರದಲ್ಲಿ ಅನ್ನಾಳು ತೀರಿಕೊಂಡಳು. ಮನೆಯಲ್ಲಿ ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದ ಆ ತಾಯಿ ಹೋದ ಮೇಲೆ ತಡೆಯುವವರಿಲ್ಲ. ೧೮೧೬ರಲ್ಲಿ ಮೊದಲಿನ ಜತೆಗಾರನಾದ ಕ್ರೂಸಿಯೂ, ಕೋಟೆಯಲ್ಲಿಯೇ ಬೆಳೆದ ರಾಮ್‌ಸೌವರನೂ ದುಃಖದಿಂದ ಹೊರಟುಹೋದರು. ೧೮೧೭ರಲ್ಲಿ ನೀಡೆರರನೂ ಬಿಟ್ಟನು. ಅಲ್ಲಿಂದ ವರ್ಷಗಟ್ಟಲೆ ವ್ಯಾಜ್ಯಗಳು ನಡೆದವು. ೧೮೨೫ರಲ್ಲಿ ಶಾಲೆಯು ಮುಚ್ಚಿತು. ೭೯ ವರ್ಷದ ಮುದುಕನು, ಐವತ್ತು ವರ್ಷಗಳ ಹಿಂದೆ ಬಡಮಕ್ಕಳನ್ನು ಸೇರಿಸಿದ್ದ ನೊಯ್‌ಹೋಫಿಗೇ ಹಿಂದಿರುಗಿದನು.

ಪೆಸ್ಟಾಲಜಿಯಲ್ಲಿ ತಪ್ಪಿರಲಿಲ್ಲವೆಂದು ಹೇಳಕೂಡದು. ಅವನು ಪ್ರೀತಿಸಬಲ್ಲನು, ಪ್ರೇರಿಸಬಲ್ಲನು, ಆಳುವದನ್ನು ಅರಿಯನು. ಇಬ್ಬರು ಜಗಳವಾಡಿದರೆ ಒಮ್ಮೆ ಇವನ ಕಡೆಗೆ, ಒಮ್ಮೆ ಅವನ ಕಡೆಗೆ ವಾಲುವನು. ಕೂಡಿ ಕೆಲಸ ಮಾಡುವದಕ್ಕೆ ಒಳ್ಳೇ ಮನಸ್ಸು ಮಾತ್ರ ಸಾಲದು. ಕ್ರಮವೂ ನ್ಯಾಯವೂ ಬೇಕು.

೮. ಕೊನೆಯ ದಿವಸಗಳೂ ಉಳಿದ ಬೀಜವೂ

೧೮೨೬ರ ಬೇಸಗೆಯಲ್ಲಿ ಅವನು ಬಾಸೆಲಿಗೆ ಸಮೀಪವಾಗಿ ರೈನ್ ನದಿಯ ದಡದಲ್ಲಿರುವ ಬೊಯ್‌ಗನ್ ಎಂಬಲ್ಲಿಗೆ ಹೋದನು. ಅಲ್ಲಿ ೧೮೨೦ರಿಂದ ಜೆಲ್ಲರ್ ಎಂಬವನು ಅನಾಥರನ್ನು ಸಾಕುತ್ತಾ, ಬಡವರ ಶಾಲೆಗಳಿಗೆ ಉಪಾಧ್ಯಾಯರನ್ನು ಸಿದ್ಧಮಾಡುತ್ತಿದ್ದನು. ಆ ಮನೆಯನ್ನು ಸ್ಥಾಪಿಸುವದರಲ್ಲಿ ಬಾಸೆಲಿನ ಸ್ಪಿಟ್ಲರನು ಮುಂದಾಳಾಗಿದ್ದನು. ೧೮೧೫ರಲ್ಲಿ ಬಾಸೆಲ್ ಮಿಶನನ್ನು ಹುಟ್ಟಿಸಿದವರಲ್ಲಿಯೂ ಅವನೊಬ್ಬನು. ಆ ಮಿಶನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು ಶಾಲೆಗಳನ್ನು ತೆರೆದದ್ದರಿಂದ ಬಾಸೆಲ್ ಎಂಬ ಹೆಸರು ನಮ್ಮ ಕನ್ನಡ ಸಭೆಗಳಿಗೆ ಹೊಸದಲ್ಲ. ಬೊಯ್‌ಗನಿನ ಮಕ್ಕಳು ಹಾಡಿ ಎದುರುಗೊಂಡು, ಓಕ್ ಎಲೆಗಳ ಮಾಲೆಯನ್ನು ಮುದುಕನಿಗೆ ಕೊಡಬಂದಾಗ, ಅವನು ಕಣ್ಣೀರಿಟ್ಟು, ಅದು ತನಗೆ ಸಲ್ಲದು, ನಿರ್ದೋಷಿಗಳಾದ ಮಕ್ಕಳಿಗೇ ಸಲ್ಲತಕ್ಕದ್ದೆಂದು ನಿರಾಕರಿಸಿದನು. ೧೮೨೭ರ ಫೆಬ್ರವರಿ ೧೭ರಂದು ಬ್ರುಗ್ ಪಟ್ಟಣದಲ್ಲಿ ಅವನು ಪ್ರಾಣಬಿಟ್ಟನು. ಬಿರ್ ಗ್ರಾಮದ ಶಾಲೆಯ ಪಕ್ಕದಲ್ಲಿಯೇ ಅವನನ್ನು ಹೂಣಿಟ್ಟರು.

ಅವನ ಶಾಲೆ ಉಳಿಯಲಿಲ್ಲ. ಆದರೆ ಆ ಶಾಲೆಯಲ್ಲಿ ಕಲಿತ ಉಪಾಧ್ಯಾಯರು ಉಳಿದರು. ನೂಲಿನ ಹೊರೆ ಹೊತ್ತಿದ್ದ ಕ್ರೂಸಿಯು ೧೮೩೩ರಿಂದ ೧೮೪೪ರಲ್ಲಿ ಸಾಯುವ ತನಕ ತನ್ನ ಊರಾದ ಗೈಸಿನಲ್ಲಿ ಉಪಾಧ್ಯ‌ಾಯರ ತರಬೇತಿಶಾಲೆಗೆ ಮುಖ್ಯಸ್ಥನಾಗಿದ್ದನು. ಒಂದು ಪ್ರಾರ್ಥನೆಯನ್ನು ತಪ್ಪಿಲ್ಲದೆ ಬರೆಯಲು ತಿಳಿಯದಿದ್ದವನು ಅದೇ ಊರಲ್ಲಿ ಉಪಾಧ್ಯಾಯರಿಗೆ ಉಪಾಧ್ಯಾಯನಾದನು. ಅವನ ಮಗನು, ತಂದೆಯ ಹೆಸರಿನವನೇ, ಅಮೇರಿಕ ದೇಶದ ಓಸ್ವೆಗೊ ತರಬೇತಿಶಾಲೆಯಲ್ಲಿ ಕಲಿಸಿದನು. ೧೮೭೫ರಲ್ಲಿ ಜಪಾನ್ ಸರಕಾರವು ಅಮೇರಿಕಕ್ಕೆ ಕಳುಹಿಸಿದ ತಕಾಮಿನೆ ಹಿದೆಒ ಎಂಬ ತರುಣನು ಆ ಕ್ರೂಸಿಯ ಮನೆಯಲ್ಲಿಯೇ ಇದ್ದು ಓದಿ, ಸ್ವದೇಶಕ್ಕೆ ಹೋಗಿ ಟೋಕಿಯೋ ತರಬೇತಿಶಾಲೆಯನ್ನು ನಡಿಸಿದನು. ಉಪಾಧ್ಯಾಯರು ಕೂಡಿ ಒಂದು ಪಾಠವನ್ನು ಸಿದ್ಧಮಾಡಿ, ಒಬ್ಬನು ಕಲಿಸುವಾಗ ಮಿಕ್ಕವರು ಮಕ್ಕಳನ್ನು ಗಮನಿಸಿ, ಆಮೇಲೆ ಆ ಪಾಠವನ್ನು ತಿದ್ದುವ ಪದ್ಧತಿಯು ಆ ಕಾಲದ ಜಪಾನಿನ ತರಬೇತಿಶಾಲೆಗಳಿಂದ ಬೆಳೆದು ಬಂದದ್ದು. ಇಂದಿಗೂ ಆ ದೇಶದಲ್ಲಿ ನಡೆಯುತ್ತಿದೆ. ಈಗ ಬೇರೆ ದೇಶದವರೂ ಅದನ್ನು ಕಲಿಯುತ್ತಿದ್ದಾರೆ.

ಆದದರಿಂದ ಹಳ್ಳಿಯ ಶಾಲೆಯಲ್ಲಾಗಲಿ ಆದಿತ್ಯವಾರದ ಶಾಲೆಯಲ್ಲಾಗಲಿ ಕಲಿಸುವ ಅಣ್ಣಂದಿರೂ ಅಕ್ಕಂದಿರೂ, ನಮಗೆ ದೊಡ್ಡ ವಿದ್ಯೆಯಿಲ್ಲವೆಂದು ಹಿಂಜರಿಯಬಾರದು. ಬುರ್ಗ್‌ಡೋರ್ಫಿನ ನಾಲ್ವರಲ್ಲಿ ಮೂವರು ಕಲಿಸುವ ವಿದ್ಯೆಯನ್ನು ಯಾವ ತರಬೇತಿಶಾಲೆಯಲ್ಲಿಯೂ ಕಲಿತಿರಲಿಲ್ಲ, ನಾಲ್ಕನೆಯವನು ಸೋಲುಗಳಿಂದಲೇ ಕಲಿತಿದ್ದನು. ವಾರದಲ್ಲಿ ಒಂದು ಸಂಜೆ ಇಬ್ಬರೋ ಮೂವರೋ ಕೂಡಿ ಕುಳಿತುಕೊಳ್ಳಿರಿ. ನಮ್ಮ ಮಕ್ಕಳು ಈಗಾಗಲೇ ಏನನ್ನು ಕಂಡಿದ್ದಾರೆ? ಹೋದ ಪಾಠದಲ್ಲಿ ಎಲ್ಲಿ ಎಡವಿದರು? ಬರುವ ಪಾಠದಲ್ಲಿ ಅವರ ಕೈಗೆ ಯಾವ ವಸ್ತುವನ್ನು ಕೊಡೋಣ? ಈ ಮೂರನ್ನು ಕೇಳಿಕೊಂಡು ಪಾಠವನ್ನು ಕಟ್ಟಿರಿ. ಕಲಿಸಿ ನೋಡಿ ಮತ್ತೆ ತಿದ್ದಿರಿ. ಆದರೆ ಇವೆರ್‌ಡನಿನ ಕೋಟೆಯು ಯಾವ ಕಾರಣದಿಂದ ಬರಿದಾಯಿತೆಂಬದನ್ನು ಮರೆಯಬೇಡಿರಿ. ಪಾಠವು ನನ್ನದೆಂದು ಒಬ್ಬನು ಹಟಹಿಡಿದ ದಿನವೇ ಅವನ ಕಲಿಕೆಯು ನಿಲ್ಲುತ್ತದೆ. ಪಾಠವು ಮಕ್ಕಳದೆಂದು ತಿಳಿದವರ ನಡುವೆ ಅದು ಬೆಳೆಯುತ್ತಲೇ ಇರುತ್ತದೆ.